ದಡದಿಂದಲೇ ಹವಳದ ತನಕ: ಬೊನೇರ್ ದ್ವೀಪದಲ್ಲಿ ಮೊದಲ ಸ್ನಾರ್ಕೆಲಿಂಗ್ ಹೇಗೆ?

ಕೆರಿಬಿಯನ್ ಅಂದ ಕೂಡಲೇ ಬಿಳಿ ಮರಳು, ತೆಂಗಿನ ಮರ, ಕ್ರೂಸ್ ಹಡಗು ಕಣ್ಣ ಮುಂದೆ ಬರುತ್ತವೆ. ಆದರೆ ಮೊದಲ ಸಲ ಸ್ನಾರ್ಕೆಲಿಂಗ್ (ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡುವವರಿಗೆ ಬಿಳಿ ಮರಳಿನಿಂದ ದೊಡ್ಡ ಪ್ರಯೋಜನವೇನೂ ಇಲ್ಲ. ಮೀನು ಇರುವುದು ಹವಳದ ಹತ್ತಿರ. ನಿಮಗೆ ಬೇಕಾಗಿರುವುದು ಅಲೆ ಕಡಿಮೆ ಇರುವ ನೀರು, ದಡದ ಪಕ್ಕದಲ್ಲೇ ಹವಳ, ಮತ್ತೆ ಸಾಕು ಅನಿಸಿದ ಕ್ಷಣ ಎದ್ದು ಹೊರಗೆ ಬರುವ ಅನುಕೂಲ. ದೋಣಿಯಲ್ಲಿ ಹೋದರೆ ಈ ಕೊನೆಯದು ಸಿಗುವುದಿಲ್ಲ. ನಡು ಸಮುದ್ರದಲ್ಲಿ ನಿಲ್ಲಿಸಿ, ಇಪ್ಪತ್ತು ಜನರ ಮುಂದೆ "ಹಾರಿ" ಅಂದಾಗ ಹೊಸಬರ ಎದೆ ಡವಗುಟ್ಟದೆ ಇನ್ನೇನು? ಅದಕ್ಕೇ ನನ್ನ ವೋಟು ಬೊನೇರ್‌ಗೆ.

ಬೊನೇರ್ ಇರುವುದು ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ. 2010ರಿಂದ ಇದು ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಆದರೂ ಓಡುವ ದುಡ್ಡು ಮಾತ್ರ ಅಮೆರಿಕನ್ ಡಾಲರ್. ಗಾಳಿ ವರ್ಷವಿಡೀ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪೂರ್ವದ ದಡದಲ್ಲಿ ಅಲೆಗಳು ಬಂಡೆಗೆ ಅಪ್ಪಳಿಸುತ್ತಿರುತ್ತವೆ, ಅತ್ತ ಇಳಿಯುವ ಮಾತೇ ಬೇಡ. ಪಶ್ಚಿಮದ ದಡ ಮಾತ್ರ ಹೆಚ್ಚಿನ ದಿನ ಶಾಂತ. ಅಲ್ಲಿನ ರಸ್ತೆ ಸಮುದ್ರದ ಅಂಚಿನಲ್ಲೇ ಸಾಗುತ್ತದೆ. ದಾರಿ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿದ್ದು, ಅವುಗಳ ಮೇಲೆ ಜಾಗದ ಹೆಸರು ಬರೆದಿರುತ್ತದೆ. ಕಲ್ಲು ಕಂಡರೆ ಗಾಡಿ ನಿಲ್ಲಿಸಿ ನೀರಿಗೆ ಇಳಿಯುವುದು, ಅಷ್ಟೇ. 1979ರಲ್ಲೇ ಇಲ್ಲಿನ ಸಮುದ್ರವನ್ನು ಸಾಗರ ಉದ್ಯಾನ ಮಾಡಿದರು. ಈಟಿ ಹಾಕಿ ಮೀನು ಹೊಡೆಯುವುದನ್ನು ಅದಕ್ಕೂ ಮೊದಲೇ, 1971ರಲ್ಲಿ, ನಿಲ್ಲಿಸಿದ್ದರು. ಇಲ್ಲಿನ ಮೀನುಗಳು ಮನುಷ್ಯರನ್ನು ಕಂಡು ಅಷ್ಟಾಗಿ ಓಡಿಹೋಗುವುದಿಲ್ಲ.

ಟಿಕೆಟ್‌ಗೂ ಮೊದಲು

ಬೊನೇರ್ ಚಂಡಮಾರುತಗಳ ಮಾಮೂಲಿ ದಾರಿಯಿಂದ ದಕ್ಷಿಣಕ್ಕಿದೆ. ಜೂನ್‌ನಿಂದ ನವೆಂಬರ್ ತನಕ ಉಳಿದ ದ್ವೀಪಗಳಲ್ಲಿ ಇರುವಷ್ಟು ಭಯ ಇಲ್ಲಿಲ್ಲ. ಪೂರ್ತಿ ಇಲ್ಲ ಅನ್ನುವ ಹಾಗೂ ಇಲ್ಲ. 1999ರ ಲೆನ್ನಿ ಚಂಡಮಾರುತ ದೂರದಲ್ಲೇ ಹಾದು ಹೋದರೂ, ಅದರ ಅಲೆಗಳು ಪಶ್ಚಿಮ ದಡದ ಹವಳವನ್ನು ಚೆನ್ನಾಗಿಯೇ ಜಜ್ಜಿದವು. ನೀರು ವರ್ಷವಿಡೀ 26ರಿಂದ 29 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಯಾಮಿ, ಅಟ್ಲಾಂಟಾ, ಹೂಸ್ಟನ್ ಕಡೆಯಿಂದ ಹೋಗುವುದು ಸುಲಭ. ಯುರೋಪಿನಲ್ಲಿ ಇರುವವರಿಗೆ ಆಮ್‌ಸ್ಟರ್‌ಡ್ಯಾಮ್ ಇದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ನಿಯಮವನ್ನು ನೆದರ್ಲೆಂಡ್ಸ್ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ, ಸ್ನೇಹಿತರ ಮಾತು ನಂಬಬೇಡಿ. ಇನ್ನೊಂದು ವಿಷಯ. ಎಚ್1ಬಿ (ಅಮೆರಿಕದ ಕೆಲಸದ ವೀಸಾ) ಮೇಲೆ ಇರುವವರು ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟ್ಯಾಂಪ್ ಇನ್ನೂ ಚಾಲ್ತಿಯಲ್ಲಿದೆಯೇ ಅಂತ ತೆಗೆದು ನೋಡಲೇಬೇಕು. ಸ್ಟ್ಯಾಂಪ್ ಮುಗಿದಿದ್ದರೂ ಕೆನಡಾ, ಮೆಕ್ಸಿಕೋಗೆ ಸ್ವಲ್ಪ ದಿನ ಹೋಗಿ ಬರುವವರಿಗೆ ಸಿಗುವ ವಿನಾಯಿತಿ, ದ್ವೀಪಕ್ಕೆ ಹೋದ ಎಚ್1ಬಿಯವರಿಗೆ ಸಿಗುವುದಿಲ್ಲ.

ಖರ್ಚಿನ ಲೆಕ್ಕಕ್ಕೆ ಎರಡು ಶುಲ್ಕ ಸೇರಿಸಿ. ಹೊರಗಿನಿಂದ ಬರುವ ದೊಡ್ಡವರಿಗೆ ಪ್ರವೇಶ ತೆರಿಗೆ 75 ಡಾಲರ್. ನೀರಿಗೆ ಇಳಿಯುವವರು ಕೊಡಬೇಕಾದ ಪ್ರಕೃತಿ ಶುಲ್ಕ 40 ಡಾಲರ್, ಆ ಕ್ಯಾಲೆಂಡರ್ ವರ್ಷ ಮುಗಿಯುವ ತನಕ ನಡೆಯುತ್ತದೆ. ಉದ್ಯಾನ ನೋಡಿಕೊಳ್ಳುವ ಸ್ಟಿನಾಪಾ ಸಂಸ್ಥೆಗೆ ಹೋಗುವ ಹಣ ಇದು. ಎರಡನ್ನೂ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಬಹುದು. ದರ ಬದಲಾಗುತ್ತಿರುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಮಾಸ್ಕ್‌ಗೆ ದುಡ್ಡು ಹಾಕಿ, ಉಳಿದದ್ದು ಬಾಡಿಗೆ

ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ), ಸ್ನಾರ್ಕೆಲ್ (ಉಸಿರಾಟದ ಕೊಳವೆ), ತೇಲುವ ವೆಸ್ಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಮಾಸ್ಕ್ ಮಾತ್ರ ಸ್ವಂತದ್ದಿರಲಿ. ಯಾಕೆಂದರೆ ಒಬ್ಬರ ಮುಖಕ್ಕೆ ಸರಿಯಾದದ್ದು ಇನ್ನೊಬ್ಬರಿಗೆ ಸೋರುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಪಟ್ಟಿಯನ್ನು ಹಿಂದಕ್ಕೆ ಹಾಕಿಕೊಳ್ಳದೆ, ಮಾಸ್ಕ್ ಅನ್ನು ಬರೀ ಮುಖಕ್ಕೆ ಒತ್ತಿ ಹಿಡಿಯಿರಿ. ಮೂಗಿನಿಂದ ಮೆಲ್ಲಗೆ ಉಸಿರು ಎಳೆದು, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ಮೀಸೆ ಇರುವವರಿಗೆ ಮೇಲ್ತುಟಿಯ ಹತ್ತಿರ ನೀರು ಜಿನುಗುತ್ತದೆ. ಮೂಗಿನ ಕೆಳಗಿನ ಒಂದು ಸಾಲು ಟ್ರಿಮ್ ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ಕನ್ನಡಕದವರು ಪವರ್ ಇರುವ ಮಾಸ್ಕ್ ಕೊಳ್ಳಬಹುದು, ಎಡಗಣ್ಣಿಗೊಂದು ಬಲಗಣ್ಣಿಗೊಂದು ಬೇರೆ ಬೇರೆ ಗಾಜು ಹಾಕಿ ಕೊಡುತ್ತಾರೆ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುವುದರಿಂದ, ಸಣ್ಣ ನಂಬರ್ ಇದ್ದವರಿಗೆ ಮಾಮೂಲಿ ಮಾಸ್ಕೇ ಸಾಕಾಗುವುದೂ ಉಂಟು.

ಹೊಸ ಮಾಸ್ಕ್ ಮಂಜುಗಟ್ಟುತ್ತದೆ. ಫ್ಯಾಕ್ಟರಿಯಿಂದ ಬರುವಾಗಲೇ ಗಾಜಿನ ಒಳಗೆ ತೆಳ್ಳಗೆ ಸಿಲಿಕೋನ್ ಪೊರೆ ಕೂತಿರುತ್ತದೆ. ಹೊರಡುವ ಮೊದಲೇ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಎರಡು ಮೂರು ಸಲ ಆದರೂ ಬೇಕು. ಗಾಜಿಗೆ ವಿಶೇಷ ಲೇಪನ ಇದ್ದರೆ ಮಾತ್ರ ಉಜ್ಜಬೇಡಿ, ಡಬ್ಬಿಯ ಮೇಲೆ ಬರೆದಿರುತ್ತದೆ. ಆಮೇಲೆ ಪ್ರತಿ ಸಲ ನೀರಿಗೆ ಇಳಿಯುವ ಮೊದಲು ಒಂದು ತೊಟ್ಟು ಬೇಬಿ ಶಾಂಪೂ ಸವರಿ ಜಾಲಿಸಿದರೆ ಸಾಕು. ಉಗುಳು ಕೂಡ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಸಂಕೋಚ ಬೇಡ, ಸಮುದ್ರದ ದಂಡೆಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ.

ಮುಖ ಪೂರ್ತಿ ಮುಚ್ಚುವ ಮಾಸ್ಕ್ ನೋಡಲು ಸುಲಭ ಅನಿಸುತ್ತದೆ. ಹೊಸಬರಿಗೆ ನಾನಂತೂ ಹೇಳುವುದಿಲ್ಲ. ಗಾಬರಿಯಾದಾಗ ಬಾಯಿಂದ ಕೊಳವೆ ಉಗುಳಿ ಗಾಳಿ ಎಳೆದುಕೊಳ್ಳುವಷ್ಟು ಬೇಗ ಅದನ್ನು ಕಳಚಲು ಆಗುವುದಿಲ್ಲ.

ಉಡುಪು: ಉದ್ದ ತೋಳಿನ ರ‍್ಯಾಶ್‌ಗಾರ್ಡ್ (ಮೈಗೆ ಅಂಟುವ ಈಜು ಅಂಗಿ), ಲೆಗ್ಗಿಂಗ್ಸ್. ಬೊನೇರ್ ಹೆಚ್ಚುಕಡಿಮೆ ಮೈಸೂರಿನ ಅಕ್ಷಾಂಶದಲ್ಲೇ ಇದೆ, ಬಿಸಿಲೂ ಹಾಗೇ ನೆತ್ತಿಗೆ ಬರುತ್ತದೆ. ಗಾಳಿ ತಂಪಾಗಿ ಬೀಸುವುದರಿಂದ ಬೆನ್ನು ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಇಲ್ಲಿ 2021ರಿಂದ ನಿಷೇಧ. ಜಿಂಕ್ ಆಕ್ಸೈಡ್ ಇರುವುದನ್ನು ತನ್ನಿ. ಕೈಗವಸು ತರಬೇಡಿ, ಉದ್ಯಾನದಲ್ಲಿ ಅದಕ್ಕೂ ಅನುಮತಿ ಇಲ್ಲ. ಕೈಗವಸು ಇದ್ದರೆ ಜನ ಹವಳ ಹಿಡಿದುಕೊಳ್ಳುತ್ತಾರೆ, ಅದಕ್ಕೆ. ದಡದಲ್ಲಿ ಒಡೆದ ಹವಳದ ಚೂರು ಜಾಸ್ತಿ. ಗಟ್ಟಿ ಅಟ್ಟೆಯ ಬೂಟಿ, ಅದರ ಮೇಲೆ ಹಿಮ್ಮಡಿಗೆ ಪಟ್ಟಿ ಇರುವ ಫಿನ್, ಇದು ಬೊನೇರ್‌ಗೆ ಸರಿಯಾದ ಜೋಡಿ.

ಮೊದಲು ಈಜುಕೊಳದಲ್ಲಿ

ಈಜು ಬಾರದವರು ಸ್ನಾರ್ಕೆಲಿಂಗ್ ಮಾಡಬಹುದಾ? ವೆಸ್ಟ್ ಹಾಕಿಕೊಂಡು, ಸೊಂಟದ ಮಟ್ಟದ ನೀರಿನಲ್ಲಿ, ಜೊತೆಗೊಬ್ಬ ಈಜುಗಾರ ಇದ್ದರೆ ಮಾಡಬಹುದು. ಆದರೆ ಬೆನ್ನಿನ ಮೇಲೆ ಅಂಗಾತ ತೇಲಲು ಕಲಿತು ಹೋದರೆ ಆ ಒಂದು ವಾರದ ಸುಖವೇ ಬೇರೆ. ಮನೆ ಹತ್ತಿರದ ಕೊಳದಲ್ಲಿ ನಾಲ್ಕಾರು ಸಂಜೆ ಸಾಕು.

ಮೊದಲು ಕೊಳದ ಅಂಚು ಹಿಡಿದು ನಿಂತು, ಮುಖ ಮಾತ್ರ ನೀರಿಗೆ ಹಾಕಿ ಬಾಯಿಂದ ಉಸಿರಾಡಿ. ಕೊಳವೆಯಲ್ಲಿ ನಿಮ್ಮದೇ ಉಸಿರು ಬುಸ್ ಬುಸ್ ಅನ್ನುವುದು ಕೇಳುತ್ತದೆ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ನಿಧಾನ ಇರಲಿ. ಉಸಿರು ಪೂರ್ತಿ ಬಿಡದೆ ಬೇಗ ಬೇಗ ಎಳೆದರೆ, ಹಳೆಯ ಗಾಳಿಯೇ ಕೊಳವೆಯಲ್ಲಿ ಸುತ್ತುತ್ತಾ ಏದುಸಿರು ಶುರುವಾಗುತ್ತದೆ.

ಇದು ಅಭ್ಯಾಸವಾದ ಮೇಲೆ ಬೇಕೆಂದೇ ಕೊಳವೆಗೆ ನೀರು ತುಂಬಿಸಿ, "ಫೂ" ಅಂತ ಒಂದೇ ಏಟಿಗೆ ಜೋರಾಗಿ ಊದಿ. ಊದಲು ಗಾಳಿ ಉಳಿದಿರಬೇಕಲ್ಲ, ಹಾಗಾಗಿ ಮುಳುಗುವ ಮೊದಲೇ ಎದೆ ತುಂಬಿಕೊಂಡಿರಿ. ಊದಿದ ಮೇಲಿನ ಮೊದಲ ಉಸಿರು ಹುಷಾರಾಗಿ, ಸ್ವಲ್ಪವೇ ಎಳೆಯಿರಿ. ಒಂದೆರಡು ಹನಿ ಉಳಿದಿರುತ್ತವೆ. ಮಾಸ್ಕ್ ಒಳಗೆ ನೀರು ಬಂದರೆ ತಲೆ ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ.

ಫಿನ್ ಬಡಿಯುವಾಗ ಸೈಕಲ್ ತುಳಿದ ಹಾಗೆ ಮಂಡಿ ಮಡಚಬೇಡಿ. ತೊಡೆಯಿಂದ ಬರಲಿ, ನಿಧಾನಕ್ಕೆ. ಕೈಗೆ ಕೆಲಸವೇ ಇಲ್ಲ, ಸುಮ್ನೆ ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ.

ಮೊದಲ ದಿನ

ಬೆಳಿಗ್ಗೆ ಹೋಗಿ. ಏರ್‌ಪೋರ್ಟಿನ ಹತ್ತಿರ ಟೆ ಆಮೋ ಅನ್ನುವ ಮರಳಿನ ದಡ ಇದೆ, ಕಾಲಿಡಲು ಸುಲಭ. ಗಾಡಿಯಲ್ಲಿ ಪರ್ಸ್, ಪಾಸ್‌ಪೋರ್ಟ್, ಫೋನ್ ಏನನ್ನೂ ಬಿಡಬೇಡಿ. ದಡದ ಪಕ್ಕ ನಿಲ್ಲಿಸಿದ ಗಾಡಿಗಳಿಂದ ಕಳವು ಆಗುವುದು ಇಲ್ಲಿನ ಹಳೆಯ ತಲೆನೋವು. ಟವೆಲ್ಲು, ನೀರಿನ ಬಾಟಲಿ ಇದ್ದರೆ ಯಾರೂ ಮುಟ್ಟುವುದಿಲ್ಲ.

ಇಳಿಯುವ ಮೊದಲು ಐದು ನಿಮಿಷ ನಿಂತು ನೋಡಿ. ಅಲೆ ಎಲ್ಲಿ ಒಡೆಯುತ್ತಿದೆ, ಬೇರೆಯವರು ಎಲ್ಲಿಂದ ಹತ್ತುತ್ತಿದ್ದಾರೆ? ವಾಪಸ್ ಬರುವಾಗ ಗುರುತಿಗೆ ಒಂದು ಮರವನ್ನೋ ಕಟ್ಟಡವನ್ನೋ ಗೊತ್ತು ಮಾಡಿಕೊಳ್ಳಿ. ಸೊಂಟದ ಮಟ್ಟಕ್ಕೆ ನಡೆದು ಹೋಗಿ ಅಲ್ಲಿ ಫಿನ್ ಹಾಕಿಕೊಳ್ಳಿ. ಫಿನ್ ಹಾಕಿದ ಮೇಲೆ ನಡೆಯಬೇಕಾದರೆ ಹಿಮ್ಮುಖವಾಗಿಯೇ ನಡೆಯಬೇಕು.

ಈಗ ಸೆಳೆತ ನೋಡಿ. ಕಾಲಾಡಿಸದೆ ಒಂದು ನಿಮಿಷ ತೇಲಿ, ಕೆಳಗಿನ ಒಂದು ಕಲ್ಲಿನ ಮೇಲೆ ಕಣ್ಣಿಡಿ. ಕಲ್ಲು ಯಾವ ಕಡೆಗೆ ಸರಿದ ಹಾಗೆ ಕಾಣುತ್ತದೋ, ನೀರು ನಿಮ್ಮನ್ನು ಅದರ ವಿರುದ್ಧ ದಿಕ್ಕಿಗೆ ಒಯ್ಯುತ್ತಿದೆ. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಅದೇ ನಿಮ್ಮನ್ನು ಮನೆಗೆ ತಂದು ಬಿಡುತ್ತದೆ.

ಉಸಿರು ಕಟ್ಟಿದ ಹಾಗೆ ಅನಿಸಿದರೆ ಈಜಬೇಡಿ. ನಿಲ್ಲಿಸಿ. ಕೊಳವೆ ತೆಗೆದು, ಅಂಗಾತ ಮಲಗಿ, ಕೈ ಎತ್ತಿ ಜೊತೆಯವರನ್ನು ಕರೆಯಿರಿ. ಸ್ನಾರ್ಕೆಲ್ ಸಾವುಗಳ ಬಗ್ಗೆ ಹವಾಯಿಯಲ್ಲಿ ನಡೆದ ಅಧ್ಯಯನ, ಕೊಳವೆಯ ಮೂಲಕ ಕಷ್ಟಪಟ್ಟು ಉಸಿರು ಎಳೆಯುವುದು, ಅದರ ಜೊತೆಗೆ ದಣಿವು, ಮೊದಲೇ ಇರುವ ಹೃದಯದ ತೊಂದರೆ, ಇವು ಸೇರಿ ಶ್ವಾಸಕೋಶದಲ್ಲಿ ನೀರು ತುಂಬಬಹುದು ಅನ್ನುತ್ತದೆ. ಸಮುದ್ರದ ನೀರು ಕುಡಿಯದೆಯೇ ಆಗುವ ಅಪಾಯ ಇದು. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಮೊದಲು ಡಾಕ್ಟರನ್ನು ಕೇಳಿ. ಮೊದಲ ದಿನ ಯಾರಿಗಾದರೂ ಅರ್ಧ ಗಂಟೆ ಸಾಕು.

ಏನು ನೋಡಬೇಕು

ಹೊಸಬರು ಮಾಡುವ ಕೆಲಸ ಅಂದರೆ ಮೀನಿನ ಹಿಂದೆ ಓಡುವುದು. ಒಂದು ಹವಳದ ಬಂಡೆ ಆರಿಸಿಕೊಂಡು ಅದರ ಮೇಲೆ ಸುಮ್ಮನೆ ತೇಲಿ. ಎರಡು ನಿಮಿಷಕ್ಕೆ ಅಡಗಿದ್ದವೆಲ್ಲ ಹೊರಗೆ ಬರುತ್ತವೆ. ಮೊದಲು ಕಪ್ಪು ಹಳದಿ ಪಟ್ಟೆಯ ಸಾರ್ಜೆಂಟ್ ಮೇಜರ್, ಆಮೇಲೆ ನೀಲಿ ಟ್ಯಾಂಗ್‌ಗಳ ಗುಂಪು. ಕಡ್ಡಿಯಂತೆ ತಲೆ ಕೆಳಗಾಗಿ ನಿಂತು ತಾನು ಮೀನೇ ಅಲ್ಲ ಅಂತ ನಟಿಸುವುದು ಟ್ರಂಪೆಟ್‌ಫಿಶ್. ಕಿವಿಗೊಟ್ಟರೆ ಕರಕರ ಅಂತ ಸದ್ದು ಕೇಳುತ್ತದೆ. ಅದು ಗಿಣಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುವ ಸದ್ದು. ಸ್ವಲ್ಪ ಹೊತ್ತು ಅದರ ಹಿಂಬದಿ ನೋಡುತ್ತಿರಿ, ಬಿಳಿ ಪುಡಿಯ ಮೋಡವೊಂದನ್ನು ಬಿಟ್ಟು ಮುಂದೆ ಹೋಗುತ್ತದೆ. ಕೆರಿಬಿಯನ್ನಿನ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಬಂದದ್ದೇ. ಹನಿಮೂನಿಗೆ ಹೋದವರಿಗೆ ಇದನ್ನು ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಆಮೆ ಕಂಡರೆ ದೂರ ಇರಿ, ಅದು ಉಸಿರಿಗೆ ಮೇಲೆ ಬರುವ ದಾರಿ ಅಡ್ಡಗಟ್ಟಬೇಡಿ. ಸಾಸಿವೆ ಬಣ್ಣದ ಫೈರ್ ಕೋರಲ್ ತಾಗಿದರೆ ಉರಿಯುತ್ತದೆ, ಕಪ್ಪು ಮುಳ್ಳಿನ ಕಡಲ ಚೆಂಡು (ಸೀ ಅರ್ಚಿನ್) ಚುಚ್ಚುತ್ತದೆ. ಯಾವುದರ ಮೇಲೂ ನಿಲ್ಲದೆ, ಏನನ್ನೂ ಮುಟ್ಟದೆ ಇದ್ದರೆ ಇವೆರಡರ ಚಿಂತೆಯೂ ಇಲ್ಲ. 2023ರಲ್ಲಿ ಇಲ್ಲಿನ ಹವಳಕ್ಕೆ ಅಂಗಾಂಶ ಕರಗಿಸುವ ರೋಗವೂ ಬಂದಿದೆ. ಬೋಳಾಗಿ ಬೆಳ್ಳಗಾದ ಹವಳ ಕಂಡರೆ ಆಶ್ಚರ್ಯಪಡಬೇಡಿ. ಬಳಸಿದ ಸಾಮಾನನ್ನು ಡೈವ್ ಅಂಗಡಿಯವರು ಹೇಳಿದ ಹಾಗೆ ತೊಳೆದು, ಆಮೇಲೆ ಮುಂದಿನ ಜಾಗಕ್ಕೆ ಹೋಗಿ.

ಧೈರ್ಯ ಬಂದ ಮೇಲೆ

ಉತ್ತರಕ್ಕೆ ಹೋದರೆ ಸಾವಿರ ಮೆಟ್ಟಿಲು ಅನ್ನುವ ಜಾಗ ಇದೆ. ಎಣಿಸಿದರೆ ನೂರು ಕೂಡ ಇಲ್ಲ. ಬೆನ್ನಿಗೆ ಸಿಲಿಂಡರ್ ಹೊತ್ತು ಹತ್ತುವ ಡೈವರ್‌ಗಳಿಗೆ ಸಾವಿರ ಅನಿಸುತ್ತದೆ, ಅಷ್ಟೇ. ದಕ್ಷಿಣದಲ್ಲಿ ಉಪ್ಪಿನ ಹಡಗುಕಟ್ಟೆ ಇದೆ. ಅದರ ಕಂಬಗಳ ನಡುವೆ ಮೀನೋ ಮೀನು. ಹಡಗು ನಿಂತಿದ್ದರೆ ಮಾತ್ರ ಇಳಿಯುವಂತಿಲ್ಲ. ಅದೇ ದಾರಿಯಲ್ಲಿ, ಉಪ್ಪಿನ ಗದ್ದೆಗಳ ಪಕ್ಕ, ಗುಲಾಮರಿಗೆ ಮಲಗಲು ಕಟ್ಟಿದ ಸಣ್ಣ ಕಲ್ಲಿನ ಗುಡಿಸಲುಗಳಿವೆ. ದೊಡ್ಡವರು ಒಳಗೆ ನೆಟ್ಟಗೆ ನಿಲ್ಲಲೂ ಆಗದಷ್ಟು ಗಿಡ್ಡ. ಒದ್ದೆ ಬಟ್ಟೆಯಲ್ಲೇ ಆದರೂ ಇಳಿದು ನೋಡಿ.

ಇದೆಲ್ಲಕ್ಕಿಂತ ಚೆಂದದ್ದು ಕ್ಲೈನ್ ಬೊನೇರ್, ಎದುರಿಗೇ ಇರುವ ಚಿಕ್ಕ ದ್ವೀಪ. ಯಾರೂ ವಾಸವಿಲ್ಲ. ರಾಜಧಾನಿ ಕ್ರಾಲೆಂಡೈಕ್‌ನಿಂದ ವಾಟರ್ ಟ್ಯಾಕ್ಸಿ ಸಿಗುತ್ತದೆ. ಸೆಳೆತದ ಮೇಲ್ಭಾಗದಲ್ಲಿ ಇಳಿಸಿದರೆ ಕಾಲಾಡಿಸುವ ಕಷ್ಟವೂ ಇಲ್ಲದೆ, ಹವಳದ ಗೋಡೆಯ ಪಕ್ಕ ತೇಲಿಕೊಂಡು ನೋ ನೇಮ್ ಬೀಚ್‌ಗೆ ಬಂದು ಸೇರಬಹುದು. ಅಲ್ಲಿ ಅಂಗಡಿ ಇಲ್ಲ, ಟಾಯ್ಲೆಟ್ ಇಲ್ಲ, ನೆರಳೂ ಅಷ್ಟಕ್ಕಷ್ಟೇ. ನೀರು, ತಿಂಡಿ, ಟೋಪಿ ಕಟ್ಟಿಕೊಂಡೇ ಹೋಗಿ.

ಸಸ್ಯಾಹಾರಿಗಳಿಗೆ ಹೋಟೆಲಿಗಿಂತ ಅಡುಗೆಮನೆ ಇರುವ ಬಾಡಿಗೆ ಮನೆ ವಾಸಿ. ಸೂಪರ್‌ಮಾರ್ಕೆಟ್ಟಿನಲ್ಲಿ ತರಕಾರಿ, ಮೊಸರು ಸಿಗುತ್ತದೆ. ಬ್ಯಾಗಿನಲ್ಲಿ ಪುಳಿಯೋಗರೆ ಗೊಜ್ಜು, ಅವಲಕ್ಕಿ ಇದ್ದರೆ ನೀರಿನಿಂದ ಎದ್ದ ಹಸಿವಿಗೆ ಆಯಿತು. ನಲ್ಲಿ ನೀರು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು, ಧೈರ್ಯವಾಗಿ ಕುಡಿಯಬಹುದು. ಸ್ಥಳೀಯರ ಭಾಷೆ ಪಾಪಿಯಮೆಂಟು. "ಬೋನ್ ದಿಯಾ" ಅಂದರೆ ಶುಭೋದಯ, "ದಾಂಕಿ" ಅಂದರೆ ಥ್ಯಾಂಕ್ಸ್. ಎರಡು ಮಾತಾಡಿದರೂ ಮುಖ ಅರಳುತ್ತದೆ.

ವಾಪಸ್ ಬರುವಾಗ

ಸಿಲಿಂಡರ್ ಹಾಕಿ ಡೈವ್ ಮಾಡುವವರು ವಿಮಾನ ಹತ್ತುವ ಮೊದಲು ಗಂಟೆಗಟ್ಟಲೆ ಕಾಯಬೇಕು. ನೀರಿನ ಮೇಲೆ ತೇಲುವ ನಿಮಗೆ ಆ ಕಾಟ ಇಲ್ಲ, ಕೊನೆಯ ಬೆಳಿಗ್ಗೆಯೂ ಇಳಿಯಬಹುದು. ಮಾಸ್ಕ್ ಅನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಅದರ ಡಬ್ಬಿಯಲ್ಲೇ ಇಡಿ. ಬಟ್ಟೆಯ ಅಡಿಯಲ್ಲಿ ಒತ್ತಿಟ್ಟರೆ ಅಂಚು ಸೊಟ್ಟಗಾಗಿ ಮುಂದಿನ ಸಲ ಸೋರುತ್ತದೆ. ದಡದಲ್ಲಿ ಬಿದ್ದಿದ್ದೇ ಆದರೂ ಹವಳದ ಚೂರು, ಶಂಖ ಬ್ಯಾಗಿಗೆ ಹಾಕಬೇಡಿ. ಮಕ್ಕಳ ಜೇಬನ್ನೂ ಒಮ್ಮೆ ತಡವಿ ನೋಡಿ, ಏರ್‌ಪೋರ್ಟಿನಲ್ಲಿ ಇದಕ್ಕೆ ಬ್ಯಾಗ್ ಬಿಚ್ಚಿಸುವುದುಂಟು.