ನಾಲ್ಕು ಕಿಲೋ ಚಕ್ರವನ್ನು ನಿಲ್ಲಿಸಿದ್ದು

ಮೇಜಿನ ಮೇಲೆ ಏಳು ಜೋಡಿ ಧ್ರುವಗಳ ಒಂದು ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರು. ಅದರ ಶಾಫ್ಟಿಗೆ 20 ಸೆಂಟಿಮೀಟರ್ ವ್ಯಾಸದ, ನಾಲ್ಕು ಕಿಲೋ ತೂಕದ ಉಕ್ಕಿನ ಚಕ್ರ. ಸುತ್ತಲೂ ದಪ್ಪ ತಗಡಿನ ಕವಚ. ಇದನ್ನು 3000 ಆರ್‌ಪಿಎಂಗೆ ಏರಿಸಿ, ಮತ್ತೆ ನಿಲ್ಲಿಸುವಾಗ ಚಕ್ರದಲ್ಲಿರುವ ಶಕ್ತಿಯಲ್ಲಿ ಎಷ್ಟು ಪಾಲು ವಿದ್ಯುತ್ತಾಗಿ ವಾಪಸು ಬರುತ್ತದೆ ಎಂದು ಅಳೆಯುವುದು ನಾನು ಹಿಡಿದ ಕೆಲಸ. ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಪ್ರಶ್ನೆ. ನನಗೆ ಹಿಡಿದದ್ದು ತಿಂಗಳುಗಟ್ಟಲೆ.

ಏರಿಸುವ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಳಸಿದ್ದು ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್. ಗಾಣದ ಮರದ ಮೇಲೆ ಕೂತವನಿಗೆ ಎತ್ತು ಸದಾ ಎದುರಿಗೇ ನಿಂತಂತೆ ಕಾಣುತ್ತದಲ್ಲ, ಹಾಗೆ ರೋಟರಿನ ಮೇಲೆ ಕೂತು ನೋಡಿದರೆ ಮೂರು ಫೇಸುಗಳಲ್ಲಿ ಏರಿಳಿಯುವ ಕರೆಂಟು ಎರಡೇ ಎರಡು ನಿಶ್ಚಲ ಸಂಖ್ಯೆಗಳಾಗುತ್ತದೆ: ಕಾಂತದ ಗುಂಟ ಡಿ, ಅದಕ್ಕೆ ಅಡ್ಡಲಾಗಿ ಕ್ಯೂ. ಟಾರ್ಕು ಹುಟ್ಟುವುದು ಕ್ಯೂನಿಂದ. 1929ರಲ್ಲಿ ರಾಬರ್ಟ್ ಪಾರ್ಕ್ ಸಿಂಕ್ರೊನಸ್ ಯಂತ್ರಗಳ ಲೆಕ್ಕಕ್ಕೆಂದು ತೋರಿಸಿದ ದಾರಿ ಇದು. ಇಂಥ ನೋಟವನ್ನು ಮೋಟಾರು ನಿಯಂತ್ರಣಕ್ಕೆ ತಂದವರು ಕಾರ್ಲ್ ಹಾಸ್ಸೆ ಮತ್ತು ಫೆಲಿಕ್ಸ್ ಬ್ಲಾಷ್ಕೆ, 1960ರ ದಶಕದ ಕೊನೆಯಿಂದ 1970ರ ದಶಕದ ಆರಂಭದ ನಡುವೆ. ಆಗ ಅದಕ್ಕೆ ಬೇಕಾಗುತ್ತಿದ್ದ ಅನಲಾಗ್ ಸರ್ಕ್ಯೂಟುಗಳ ರಾಶಿಯ ಕೆಲಸವನ್ನು ಈಗ ಉಗುರಗಲದ ಚಿಪ್ಪು ಸೆಕೆಂಡಿಗೆ 20,000 ಸಲ ಮಾಡಿ ಮುಗಿಸುತ್ತದೆ.

ಚಕ್ರ ಸಲೀಸಾಗಿ 3000 ಮುಟ್ಟಿತು. ಖುಷಿಯಲ್ಲಿ ಕ್ಯೂ ಕರೆಂಟಿನ ಚಿಹ್ನೆಯನ್ನು ಉಲ್ಟಾ ಮಾಡಿದೆ, ಬ್ರೇಕ್ ಹಾಕೋಣ ಎಂದು. ಪಟ್ ಎಂದಿತು. ಸುಟ್ಟ ವಾಸನೆ. ಮೋಟಾರಿಗೆ ಕರೆಂಟು ಬಿಡುವ ಇನ್ವರ್ಟರಿನ ಸ್ವಿಚ್ಚುಗಳಾದ ಆರು ಮಾಸ್‌ಫೆಟ್‌ಗಳಲ್ಲಿ ನಾಲ್ಕು ಹೋಗಿದ್ದವು, ಬಸ್ಸಿನ, ಅಂದರೆ ಅವಕ್ಕೆ ವಿದ್ಯುತ್ತು ತರುವ ಡಿಸಿ ಸಾಲಿನ, ಕೆಪಾಸಿಟರಿನ ತಲೆ ಉಬ್ಬಿತ್ತು. ಚಕ್ರ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

ಕಾರಣ ತಿಳಿಯಲು ಕಾಗದದ ಮೇಲೆ ಎರಡು ಸಾಲು ಸಾಕಿತ್ತು. ಆ ಎರಡು ಸಾಲನ್ನು ಮೊದಲೇ ಬರೆಯದಿದ್ದದ್ದು ನನ್ನ ತಪ್ಪು. ಚಕ್ರದ ಜಡತ್ವ 0.02 ಕಿಲೋಗ್ರಾಂ ಚದರ ಮೀಟರ್, ವೇಗ ಸೆಕೆಂಡಿಗೆ 314 ರೇಡಿಯನ್; ಅಂದರೆ 987 ಜೂಲ್. ಅದೇ ಚಕ್ರ 25 ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಶಕ್ತಿಯೋ ಹೆಚ್ಚೂಕಡಿಮೆ ಅಷ್ಟು. ಬ್ರೇಕ್ ಹಾಕುವಾಗ ಮೋಟಾರು ಜನರೇಟರ್ ಆಗಿ ಇದನ್ನೆಲ್ಲ ಬಸ್ಸಿಗೆ ತಳ್ಳುತ್ತದೆ. ಬಸ್ಸಿನಲ್ಲಿದ್ದದ್ದು 48 ವೋಲ್ಟಿನಲ್ಲಿ 1000 ಮೈಕ್ರೊಫ್ಯಾರಡ್, ಅದರ ಹೊಟ್ಟೆ ಹಿಡಿಯುವುದು 1.15 ಜೂಲ್. ಪವರ್ ಸಪ್ಲೈ ಕರೆಂಟು ಕೊಡಬಲ್ಲದೇ ಹೊರತು ವಾಪಸು ತೆಗೆದುಕೊಳ್ಳಲಾರದು. 987ರಲ್ಲಿ ಬರೀ ಹತ್ತು ಜೂಲ್ ಒಳಬಂದರೂ ಬಸ್ಸಿನ ವೋಲ್ಟೇಜು 150ರ ಹತ್ತಿರ ಹೋಗುತ್ತದೆ. ನನ್ನ ಮಾಸ್‌ಫೆಟ್‌ಗಳ ಮಿತಿ 100. ನಾಲ್ಕು ಸೆಕೆಂಡಿನಲ್ಲಿ ನಿಲ್ಲಿಸುವಂತೆ ಬ್ರೇಕ್ ಹಾಕಿದರೂ ಶುರುವಿನ ಪವರ್ 500 ವ್ಯಾಟಿನ ಸುಮಾರು, ಹತ್ತು ಜೂಲ್ ಬರಲು 20 ಮಿಲಿಸೆಕೆಂಡು ಸಾಕು. ಸ್ವಿಚ್ಚಿನತ್ತ ಕೈ ಹೋಗುವ ಮುಂಚೆಯೇ ಎಲ್ಲ ಮುಗಿದಿರುತ್ತದೆ.

ಹಾಗಾಗಿ ಶಕ್ತಿಗೆ ಮೊದಲು ಜಾಗ ಮಾಡಬೇಕಾಯಿತು. ಬ್ಯಾಟರಿಯ ಬದಲು ಸೂಪರ್‌ಕೆಪಾಸಿಟರ್ ಆರಿಸಿದ್ದಕ್ಕೆ ಕಾರಣ ಅಳತೆಯ ಸುಲಭ: ವೋಲ್ಟೇಜು ನೋಡಿದರೆ ಒಳಗೆಷ್ಟಿದೆ ಎಂದು ಹೇಳಬಹುದು, ಬ್ಯಾಟರಿಯಲ್ಲಿ ಅದು ಅಷ್ಟು ನೇರವಲ್ಲ. 2.7 ವೋಲ್ಟಿನ 100 ಫ್ಯಾರಡ್ ಸೆಲ್ಲುಗಳು, 20 ಸರಣಿಯಲ್ಲಿ. ಒಟ್ಟು 54 ವೋಲ್ಟು, 5 ಫ್ಯಾರಡ್. ನಾನು 50 ವೋಲ್ಟಿಗೇ ಮಿತಿ ಹಾಕಿಕೊಂಡೆ. ಸರಣಿಯಲ್ಲಿ ಎಲ್ಲ ಸೆಲ್ಲಿಗೂ ಒಂದೇ ಚಾರ್ಜು ಹೋಗುವುದರಿಂದ ಯಾವುದರ ಕೆಪಾಸಿಟಿ ಕಡಿಮೆಯೋ ಅದರ ವೋಲ್ಟೇಜು ಉಳಿದವಕ್ಕಿಂತ ಮೇಲೇರುತ್ತದೆ. ಸರಾಸರಿ 2.17 ಇದ್ದಾಗ ನನ್ನದೊಂದು ಸೆಲ್ಲು 2.4 ತೋರಿಸುತ್ತಿತ್ತು. ಪ್ರತಿ ಸೆಲ್ಲಿಗೂ ಬ್ಯಾಲೆನ್ಸಿಂಗ್ ರೆಸಿಸ್ಟರ್ ಹಾಕಿದ ಮೇಲೆಯೇ ಧೈರ್ಯ ಬಂದದ್ದು. ಇನ್ನೊಂದು ಮಾತು: ಖಾಲಿ ಸೂಪರ್‌ಕೆಪಾಸಿಟರ್ ಎಂದರೆ ಶಾರ್ಟ್ ಸರ್ಕ್ಯೂಟೇ ಸರಿ. ಕರೆಂಟ್ ಮಿತಿ ಇಟ್ಟ ಸಪ್ಲೈಯಿಂದ, ಡಯೋಡ್ ಮೂಲಕ, ನಿಧಾನಕ್ಕೆ ತುಂಬಬೇಕು.

ಅದರ ಜೊತೆಗೆ ಒಂದು ಬ್ರೇಕ್ ಚಾಪರ್. ಬಸ್ಸು 52 ವೋಲ್ಟ್ ದಾಟಿದರೆ, ಎರಡು ವೋಲ್ಟೇಜುಗಳನ್ನು ಹೋಲಿಸುವ ಕಂಪ್ಯಾರೇಟರ್ ಒಂದು ಮಾಸ್‌ಫೆಟನ್ನು ಹಚ್ಚಿ 5 ಓಮಿನ ರೆಸಿಸ್ಟರಿಗೆ ಶಕ್ತಿಯನ್ನು ಸುರಿಯುತ್ತದೆ, 10 ಆಂಪಿಗಿಂತ ತುಸು ಹೆಚ್ಚು. ಈ ಕೆಲಸವನ್ನು ಫರ್ಮ್‌ವೇರಿಗೆ ಬಿಡಲಿಲ್ಲ. ನಾನು ಬರೆದ ಕೋಡು ಹ್ಯಾಂಗ್ ಆಗುವುದು ಸರಿಯಾಗಿ ಬ್ರೇಕ್ ಹಾಕಿದ ಹೊತ್ತಿಗೇ ಎಂಬುದು ನನಗೆ ಗೊತ್ತು.

ಈಗ ಬ್ರೇಕ್ ಹಾಕಿದರೆ ಏನೂ ಸುಡುತ್ತಿರಲಿಲ್ಲ, ಆದರೆ ಮೋಟಾರು ಕಿರುಗುಟ್ಟುತ್ತಿತ್ತು. ಕ್ಯೂ ಕರೆಂಟು 15 ಆಂಪಿನ ಬಳಿ ಒಂದೊಂದು ಆಂಪ್ ಆಚೀಚೆ ಕುಣಿಯುತ್ತಿತ್ತು. ಕರೆಂಟನ್ನು ಹತೋಟಿಯಲ್ಲಿಡುವ ಪಿಐ (ಪ್ರೊಪೋರ್ಷನಲ್-ಇಂಟಿಗ್ರಲ್) ನಿಯಂತ್ರಕದ ಗೇನುಗಳ, ಅಂದರೆ ತಪ್ಪಿಗೆ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕೆಂಬ ಸಂಖ್ಯೆಗಳ, ಮೇಲೆ ಅನುಮಾನಪಟ್ಟೆ. ಇಂಡಕ್ಟನ್ಸ್ 200 ಮೈಕ್ರೊಹೆನ್ರಿ, ರೆಸಿಸ್ಟನ್ಸ್ 0.1 ಓಂ, ಬೇಕಾದ ಬ್ಯಾಂಡ್‌ವಿಡ್ತ್ 1000 ಹರ್ಟ್ಸ್. ಇಂಡಕ್ಟನ್ಸನ್ನು 6283ರಿಂದ (2π × 1000) ಗುಣಿಸಿದರೆ ಪ್ರೊಪೋರ್ಷನಲ್ ಗೇನ್, ರೆಸಿಸ್ಟನ್ಸನ್ನು ಗುಣಿಸಿದರೆ ಇಂಟಿಗ್ರಲ್ ಗೇನ್. 1.26 ಮತ್ತು 628. ಮತ್ತೆ ಮತ್ತೆ ಲೆಕ್ಕ ಹಾಕಿದರೂ ಅದೇ ಉತ್ತರ. ಆದರೂ ಎರಡು ವಾರ ಆ ಎರಡು ಸಂಖ್ಯೆಗಳನ್ನೇ ತಿರುಚುತ್ತ ಕೂತಿದ್ದೆ.

ತಪ್ಪಿದ್ದದ್ದು ಬೇರೆ ಕಡೆ. 20 ಕಿಲೋಹರ್ಟ್ಸ್ ಪಿಡಬ್ಲ್ಯೂಎಂನಲ್ಲಿ (ಸ್ವಿಚ್ಚುಗಳನ್ನು ಬೇಗ ಬೇಗ ಹಚ್ಚಿ ಆರಿಸಿ ಬೇಕಾದ ಸರಾಸರಿ ವೋಲ್ಟೇಜು ಕೊಡುವ ಬಗೆ) ಪ್ರತಿ 50 ಮೈಕ್ರೊಸೆಕೆಂಡಿಗೊಮ್ಮೆ ಕರೆಂಟು ಗರಗಸದ ಹಲ್ಲಿನಂತೆ ಏರಿ ಇಳಿಯುತ್ತದೆ. ಆ ಏರಿಳಿತ ನನ್ನ ಮೋಟಾರಿನಲ್ಲಿ ತುದಿಯಿಂದ ತುದಿಗೆ ಎರಡೂವರೆ ಆಂಪಿನವರೆಗೂ ಹೋಗಬಹುದು. ಟೈಮರ್ ಮೇಲೇರಿ ಕೆಳಗಿಳಿಯುವ ಬಗೆಯ ಪಿಡಬ್ಲ್ಯೂಎಂನಲ್ಲಿ, ಎಣಿಕೆ ತನ್ನ ತುದಿ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕರೆಂಟು ತನ್ನ ಸರಾಸರಿಯನ್ನು ಹಾದು ಹೋಗುತ್ತದೆ. ಅಳೆಯಬೇಕಾದದ್ದು ಆಗಲೇ. ನನ್ನ ಕೋಡು ಮಾತ್ರ ಇಂಟರಪ್ಟ್ (ಚಿಪ್ಪು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಸುವ ತುರ್ತು ಕೋಡು) ಒಳಗೆ ಹೊಕ್ಕ ಮೇಲೆ, ಕರೆಂಟನ್ನು ಅಳೆದು ಸಂಖ್ಯೆಯಾಗಿಸುವ ಎಡಿಸಿಯನ್ನು ಎಬ್ಬಿಸುತ್ತಿತ್ತು. ಒಮ್ಮೆ ಎರಡು ಮೈಕ್ರೊಸೆಕೆಂಡು ತಡ, ಇನ್ನೊಮ್ಮೆ ಸೀರಿಯಲ್ ಪೋರ್ಟಿನ ಕೆಲಸ ಅಡ್ಡ ಬಂದರೆ ಆರು. ಹಲ್ಲಿನ ಇಳಿಜಾರಿನಲ್ಲಿ ಎಲ್ಲೋ ಒಂದು ಕಡೆ ಅಳೆದು, ಅದನ್ನೇ ನಿಜವೆಂದು ನಂಬಿ ನಿಯಂತ್ರಣ ನಡೆಯುತ್ತಿತ್ತು. ಟೈಮರೇ ನೇರವಾಗಿ ಎಡಿಸಿಗೆ ಟ್ರಿಗರ್ ಕೊಡುವಂತೆ ರಿಜಿಸ್ಟರಿನಲ್ಲಿ ಒಂದು ಬಿಟ್ ಬದಲಿಸಿದೆ. ಕಿರುಗುಟ್ಟುವುದು ನಿಂತಿತು.

ಉಳಿದಿದ್ದ ಇನ್ನೊಂದು ದೋಷ ಇದರ ತಮ್ಮನಂಥದ್ದು. ಅಳೆದು, ಲೆಕ್ಕ ಹಾಕಿ, ವೋಲ್ಟೇಜನ್ನು ಮೋಟಾರಿಗೆ ಕೊಡುವಷ್ಟರಲ್ಲಿ ಸರಾಸರಿ ಒಂದೂವರೆ ಅವಧಿ, ಅಂದರೆ 75 ಮೈಕ್ರೊಸೆಕೆಂಡು ಕಳೆದಿರುತ್ತದೆ. 3000 ಆರ್‌ಪಿಎಂನಲ್ಲಿ ಏಳು ಜೋಡಿ ಧ್ರುವಗಳಿಗೆ ವಿದ್ಯುತ್ ಆವರ್ತನ 350 ಹರ್ಟ್ಸ್, ಆ 75 ಮೈಕ್ರೊಸೆಕೆಂಡಿನಲ್ಲಿ ರೋಟರು 9.45 ಎಲೆಕ್ಟ್ರಿಕಲ್ ಡಿಗ್ರಿ ಮುಂದೆ ಹೋಗಿರುತ್ತದೆ. ವೇಗ ಹೆಚ್ಚಿದಂತೆ ಡಿ ಕರೆಂಟು ಸೊನ್ನೆ ಬಿಟ್ಟು ಅಲೆಯುತ್ತಿದ್ದದ್ದು ಇದಕ್ಕೇ. ವೋಲ್ಟೇಜು ಕೊಡುವ ಕೋನಕ್ಕೆ ಅಷ್ಟನ್ನು ಮೊದಲೇ ಕೂಡಿಸಿದರೆ ಆಯಿತು.

ಇಷ್ಟಾದ ಮೇಲೆ ನಿಜವಾದ ಪ್ರಯೋಗ. ಬಸ್ಸು 40.0 ವೋಲ್ಟಿನಲ್ಲಿರುವಾಗ ಸಪ್ಲೈ ಆರಿಸಿ, ನಾಲ್ಕು ಸೆಕೆಂಡಿನಲ್ಲಿ ನಿಲ್ಲಿಸಿದೆ. ಆಸಿಲೋಸ್ಕೋಪಿನಲ್ಲಿ ತುದಿ 43.8 ವೋಲ್ಟ್. ಲೆಕ್ಕ ಹಾಕಿದರೆ ಸುಮಾರು 796 ಜೂಲ್, ಅಂದರೆ ಶೇ 80. ಆ ದಿನ ಇದನ್ನು ಇಬ್ಬರಿಗೆ ಹೇಳಿಯೂ ಬಿಟ್ಟೆ. ಮಾರನೆಯ ದಿನ ಗಮನಿಸಿದರೆ ಚಕ್ರ ನಿಂತ ಮೇಲೆ ವೋಲ್ಟೇಜು 43.3ಕ್ಕೆ ಇಳಿದಿರುತ್ತಿತ್ತು. ಸೂಪರ್‌ಕೆಪಾಸಿಟರಿಗೂ ಒಳಗೆ ಪ್ರತಿರೋಧವಿದೆ. ನನ್ನ 20 ಸೆಲ್ಲಿಗೆ ಸೇರಿ 0.2 ಓಂ, ಕರೆಂಟು ಹರಿಯುತ್ತಿರುವಷ್ಟು ಹೊತ್ತು ಅದರ ಮೇಲಿನ ವೋಲ್ಟೇಜೂ ಸೇರಿ ಕಾಣುತ್ತದೆ, ಅದು ಕೂಡಿಟ್ಟ ಶಕ್ತಿಯಲ್ಲ. ಸುಮ್ಮನೆ ಅರ್ಧ ನಿಮಿಷ ಕಾದು ಓದಿದರೆ 687 ಜೂಲ್. ಶೇ 70. ಆ ಇಬ್ಬರಿಗೂ ಮತ್ತೆ ಹೋಗಿ ಹೇಳಿದೆ.

ಉಳಿದ 300 ಜೂಲ್ ಎಲ್ಲಿ ಹೋಯಿತು? ತಾಮ್ರದ ಸುರುಳಿಯಲ್ಲಿ ಸುಮಾರು 130, ಬೇರಿಂಗು ಮತ್ತು ಗಾಳಿಯಲ್ಲಿ 60ರಷ್ಟು, ಮಿಕ್ಕದ್ದು ಇನ್ವರ್ಟರಿನಲ್ಲಿ, ಸೆಲ್ಲುಗಳ ಒಳಗೆ, ಮತ್ತು ನನ್ನ ಅಂದಾಜಿನ ಸಡಿಲದಲ್ಲಿ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇಲ್ಲಿಯ ಎಳೆದಾಟ. ಜೋರಾಗಿ ಬ್ರೇಕ್ ಹಾಕಿದರೆ ಸಮಯ ಕಡಿಮೆಯಾಗಿ ಘರ್ಷಣೆ ತಿನ್ನುವುದು ಕಡಿಮೆ, ಆದರೆ ತಾಮ್ರದ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಹಾರುತ್ತದೆ. ಮೆಲ್ಲಗೆ ಹಾಕಿದರೆ ತಾಮ್ರ ತಣ್ಣಗಿರುತ್ತದೆ, ಬೇರಿಂಗು ಕೂತು ತಿನ್ನುತ್ತದೆ. ಎರಡನೆಯ ರೆಸಿಸ್ಟರನ್ನು ಚಾಪರಿಗೆ ಸಮಾನಾಂತರವಾಗಿ ಸೇರಿಸಿಕೊಂಡು ಎರಡು ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿದೆ: 42.7 ವೋಲ್ಟ್, ಶೇ 56ಕ್ಕೆ ಕುಸಿತ. ಎಂಟು ಸೆಕೆಂಡು ಕೊಟ್ಟರೆ ನಾಲ್ಕು ಸೆಕೆಂಡಿನ ಫಲಿತಾಂಶಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ನಷ್ಟ ಹೆಚ್ಚೂಕಡಿಮೆ ಸಮನಾಗುವುದು ಆರು ಸೆಕೆಂಡಿನ ಆಸುಪಾಸು. ಒಳ್ಳೆಯ ಜಾಗವೂ ಅಲ್ಲೇ. ಆ ತಳ ಎಷ್ಟು ಚಪ್ಪಟೆ ಎಂದರೆ ಐದೋ ಏಳೋ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ.

ಕೊನೆಯಲ್ಲಿ ಒಂದು ಹುಚ್ಚು ಹತ್ತಿತು. ವೇಗ ತೀರಾ ಇಳಿದಾಗ ಬ್ರೇಕಿನಿಂದ ಹುಟ್ಟುವ ಶಕ್ತಿ ತಾಮ್ರದ ನಷ್ಟಕ್ಕೂ ಸಾಲದು. ಆಗ ಮೋಟಾರನ್ನು ನಿಲ್ಲಿಸಲು ನಾವೇ ಕೆಪಾಸಿಟರಿನಿಂದ ಕೊಡುತ್ತಿರುತ್ತೇವೆ. 15 ಆಂಪಿನ ಹತ್ತಿರ ನನ್ನ ಮೋಟಾರಿಗೆ ಆ ಗಡಿ ಸುಮಾರು 210 ಆರ್‌ಪಿಎಂ. ಅದನ್ನು ಪತ್ತೆಹಚ್ಚಿ ಅಲ್ಲಿಗೆ ಸ್ವಿಚಿಂಗ್ ನಿಲ್ಲಿಸುವ ಕೋಡಿಗೆ ಒಂದು ವಾರ ಸುರಿದೆ. ಉಳಿತಾಯ ಕೆಲವೇ ಜೂಲ್. 210 ಆರ್‌ಪಿಎಂನಲ್ಲಿ ಚಕ್ರದಲ್ಲಿ ಉಳಿದಿರುವುದೇ ಐದು ಜೂಲ್ ಎಂಬ ಲೆಕ್ಕವನ್ನು, ಎಂದಿನಂತೆ, ಆಮೇಲೆ ಹಾಕಿದ್ದು. ಕೋಡನ್ನು ತೆಗೆಯಲಿಲ್ಲ. ಈಗ ಸ್ವಿಚಿಂಗಿನ ಸದ್ದು ನಿಂತ ಮೇಲೂ ಚಕ್ರ ನಾಲ್ಕೈದು ಸೆಕೆಂಡು ತಾನಾಗಿಯೇ ತಿರುಗಿ ನಿಲ್ಲುತ್ತದೆ, ಆಮೇಲೆ ನಾನು ಅರ್ಧ ನಿಮಿಷ ಎಣಿಸಿ ವೋಲ್ಟೇಜು ಬರೆದುಕೊಳ್ಳುತ್ತೇನೆ.