ಮೂತ್ರಕೋಶದ ಕ್ಯಾನ್ಸರ್: ಯೂರಿನ್ ಸೈಟಾಲಜಿಗೆ ಸ್ಯಾಂಪಲ್ ಕೊಡುವುದು ಹೇಗೆ?

ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ. ಮಾರನೇ ದಿನ ತಾನಾಗಿಯೇ ಸರಿಹೋಯಿತು. ‘ಉಷ್ಣ ಆಗಿರಬೇಕು’ ಎಂದು ಎಳನೀರು ಕುಡಿದು ಸುಮ್ಮನಾಗುವವರೇ ಜಾಸ್ತಿ. ದಯವಿಟ್ಟು ಹಾಗೆ ಬಿಡಬೇಡಿ. ನೋವಿಲ್ಲದೆ ರಕ್ತ ಹೋಗುವುದು ಮೂತ್ರಕೋಶದ ಕ್ಯಾನ್ಸರಿನ ಮುಖ್ಯ ಲಕ್ಷಣ. ಅದು ಒಮ್ಮೆ ಕಾಣಿಸಿಕೊಂಡು ವಾರಗಟ್ಟಲೆ ಮಾಯವಾಗಲೂಬಹುದು. ಬೀಡಿ, ಸಿಗರೇಟು ಸೇದುವವರು, ಮೊದಲು ಸೇದಿ ಬಿಟ್ಟವರು ಇನ್ನೂ ಹುಷಾರಾಗಿರಬೇಕು. ಈ ಕಾಯಿಲೆಗೆ ದೊಡ್ಡ ಕಾರಣವೇ ತಂಬಾಕಿನ ಹೊಗೆ.

ಬೀಟ್‌ರೂಟ್ ತಿಂದರೂ, ಟಿಬಿಗೆ ಕೊಡುವ ರಿಫಾಂಪಿಸಿನ್ ನುಂಗಿದರೂ ಮೂತ್ರದ ಬಣ್ಣ ಬದಲಾಗುತ್ತದೆ. ಹಾಗಾಗಿ ಮೊದಲು ಸಾಮಾನ್ಯ ಮೂತ್ರ ಪರೀಕ್ಷೆ ಮಾಡಿಸಿ, ಅದು ರಕ್ತವೇ ಹೌದಾ ಎಂದು ಖಚಿತ ಮಾಡಿಕೊಳ್ಳಿ. ಹೆಂಗಸರಿಗೆ ಒಂದು ಮಾತು. ‘ಇನ್ಫೆಕ್ಷನ್’ ಎಂದು ಪದೇಪದೇ ಆಂಟಿಬಯಾಟಿಕ್ ಬರೆದುಕೊಟ್ಟರೆ, ಕಲ್ಚರ್ ಪರೀಕ್ಷೆಯಲ್ಲಿ ನಿಜಕ್ಕೂ ಸೋಂಕು ಕಂಡಿದೆಯಾ ಎಂದು ಕೇಳಿ. ಹೀಗೆ ತಿಂಗಳುಗಟ್ಟಲೆ ತಡವಾಗಿ ಕಾಯಿಲೆ ಪತ್ತೆಯಾಗುವುದು ಹೆಂಗಸರಲ್ಲೇ ಹೆಚ್ಚು.

ರಕ್ತವೆಂದು ಗೊತ್ತಾದ ಮೇಲೆ ಯೂರಾಲಜಿಸ್ಟ್, ಅಂದರೆ ಮೂತ್ರಾಂಗಗಳ ತಜ್ಞರ ಹತ್ತಿರ ಹೋಗಿ. ಸ್ಕ್ಯಾನಿಂಗ್ ಜೊತೆಗೆ ಅವರು ಬರೆದುಕೊಡಬಹುದಾದ ಪರೀಕ್ಷೆ ಯೂರಿನ್ ಸೈಟಾಲಜಿ. ಮೂತ್ರಕೋಶದ ಒಳಪದರದಿಂದ ಜೀವಕೋಶಗಳು ಉದುರಿ ಮೂತ್ರದಲ್ಲಿ ಬರುತ್ತವೆ. ಅವನ್ನು ಸ್ಲೈಡ್ ಮೇಲೆ ಹಾಕಿ, ಬಣ್ಣ ಹಚ್ಚಿ, ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆಗೆ ಹೆಸರು ಕೊಟ್ಟ ಪಾಪನಿಕೊಲಾವ್ ಅವರೇ ಮಾರ್ಷಲ್ ಎಂಬ ವೈದ್ಯರ ಜೊತೆ 1945ರಲ್ಲಿ ಇದರ ಬಗ್ಗೆ ಬರೆದಿದ್ದರು. ಸೂಜಿ ಇಲ್ಲ, ನಳಿಕೆ ಇಲ್ಲ. ಆದರೆ ಸ್ಯಾಂಪಲ್ ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಲ್ಯಾಬ್ ಆದರೂ ಪ್ರಯೋಜನವಿಲ್ಲ.

ಎಲ್ಲರೂ ಎಡವುವುದು ಇಲ್ಲೇ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಬೇಡ. ರಾತ್ರಿಯಿಡೀ ಮೂತ್ರದಲ್ಲೇ ನೆನೆದ ಕೋಶಗಳು ಹಾಳಾಗಿರುತ್ತವೆ, ಅವುಗಳ ಆಕಾರವೇ ಗುರುತು ಸಿಗುವುದಿಲ್ಲ. ಅದನ್ನು ಹೋಗಿಬಿಡಿ. ಆಮೇಲೆ ಒಂದೆರಡು ಲೋಟ ನೀರು ಕುಡಿದು ಸ್ವಲ್ಪ ಓಡಾಡಿ. ನೀರು ಮಿತಿಯಲ್ಲಿ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರೆ ಅವರ ಮಾತೇ ಕೊನೆ. ಎರಡನೇ ಸಲದ ಮೂತ್ರವನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ತೊಳೆದ ಔಷಧಿ ಬಾಟಲಿ, ಜಾಮ್ ಬಾಟಲಿ ಬೇಡವೇ ಬೇಡ. ಕನಿಷ್ಠ 30 ಮಿ.ಲೀ. ಇರಲಿ, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಲ್ಯಾಬಿನಲ್ಲೇ ಕೊಟ್ಟರೆ ಉತ್ತಮ. ಮನೆಯಿಂದ ಒಯ್ಯುವುದಾದರೆ ತಡ ಮಾಡಬೇಡಿ. ತಡವಾಗುತ್ತದೆ ಅನಿಸಿದರೆ ಡಬ್ಬಿಯನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೇಳುವುದುಂಟು. ದುಡ್ಡು ಕೀಳಲು ಅಂದುಕೊಳ್ಳಬೇಡಿ. ಒಂದು ದಿನ ಉದುರದ ಕೋಶ ಇನ್ನೊಂದು ದಿನ ಸಿಗಬಹುದು.

ಕಲ್ಲು, ಸೋಂಕು, ಇತ್ತೀಚೆಗೆ ಹಾಕಿದ ಕ್ಯಾಥೆಟರ್ (ಮೂತ್ರದ ನಳಿಕೆ), ಮುಟ್ಟಿನ ದಿನ ಏನೇ ಇದ್ದರೂ ಲ್ಯಾಬ್‌ಗೆ ಮುಚ್ಚಿಡದೆ ಹೇಳಿ. ಕಲ್ಲು, ಕ್ಯಾಥೆಟರ್ ತಾಗಿದ ಕೋಶಗಳೂ ವಿಕಾರವಾಗಿ ಕಂಡು ದಾರಿ ತಪ್ಪಿಸುತ್ತವೆ.

ರಿಪೋರ್ಟಿನಲ್ಲಿ ‘ಎಟಿಪಿಕಲ್’ ಎಂದಿದ್ದರೆ ಅದು ಕ್ಯಾನ್ಸರ್ ಎಂದಲ್ಲ, ಮುಂದೆ ನೋಡಬೇಕು ಎಂದಷ್ಟೇ. ‘ಸಸ್ಪಿಷಿಯಸ್’ ಅಥವಾ ‘ಹೈ ಗ್ರೇಡ್’ ಎಂದಿದ್ದರೆ ಒಂದು ದಿನವೂ ತಡ ಮಾಡದೆ ಯೂರಾಲಜಿಸ್ಟ್‌ಗೆ ತೋರಿಸಿ. ನನಗೆ ಭಯವಿರುವುದು ‘ನೆಗೆಟಿವ್’ ಎಂಬ ಪದದ ಬಗ್ಗೆ. ಜೋರಾಗಿ ಹರಡುವ ಹೈ ಗ್ರೇಡ್ ಗಡ್ಡೆಯನ್ನು ಸೈಟಾಲಜಿ ಬಹುಪಾಲು ಹಿಡಿಯುತ್ತದೆ. ಲೋ ಗ್ರೇಡ್ ಗಡ್ಡೆಯ ಕೋಶಗಳು ಮಾಮೂಲಿ ಕೋಶಗಳಂತೆಯೇ ಇರುತ್ತವೆ, ಹಾಗಾಗಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಎನ್‌ಎಂಪಿ22, ಫಿಶ್ ಎಂಬ ಬೇರೆ ಮೂತ್ರ ಪರೀಕ್ಷೆಗಳೂ ಇವೆ. ಎನ್‌ಎಂಪಿ22 ಸೋಂಕು, ಕಲ್ಲು ಇದ್ದರೂ ಪಾಸಿಟಿವ್ ಬರಬಹುದು. ಹೀಗೆ ಒಂದು ಮೂತ್ರ ಪರೀಕ್ಷೆಯನ್ನೇ ಪೂರ್ತಿ ನಂಬುವಂತಿಲ್ಲ. ಆದ್ದರಿಂದ ನೆಗೆಟಿವ್ ಬಂದ ಮೇಲೂ ಡಾಕ್ಟರು ಸಿಸ್ಟೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಹಾಕಿ ನೋಡುವುದು, ಬೇಕೆಂದರೆ ಬೇಡ ಅನ್ನಬೇಡಿ. ಜಾಗಕ್ಕೆ ಮರಗಟ್ಟಿಸುವ ಜೆಲ್ ಹಚ್ಚುತ್ತಾರೆ, ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ.

ಒಮ್ಮೆ ಗಡ್ಡೆ ತೆಗೆಸಿಕೊಂಡವರಿಗೆ ಅದು ಮತ್ತೆ ಬರುವುದು ಸಾಮಾನ್ಯ. ಮೊದಲ ತಪಾಸಣೆ ಮೂರು ತಿಂಗಳಿಗೆ ಇರುತ್ತದೆ. ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿ ಒಯ್ಯಿರಿ. ಗಡ್ಡೆ ಮತ್ತೆ ಬರದಿರಲೆಂದು ಮೂತ್ರಕೋಶದೊಳಗೆ ಬಿಸಿಜಿ ಔಷಧ ಹಾಕಿಸಿಕೊಂಡಿದ್ದರೆ ಆ ತಾರೀಕನ್ನು ಸ್ಯಾಂಪಲ್ ಫಾರ್ಮಿನಲ್ಲಿ ಬರೆಸಿ. ಬಿಸಿಜಿಯಿಂದಲೂ ಕೋಶಗಳ ರೂಪ ಬದಲಾಗುತ್ತದೆ, ಸ್ಲೈಡ್ ನೋಡುವವರಿಗೆ ಅದು ಗೊತ್ತಿರಬೇಕು.