ರೋಡ್‌ಕಿಂಗ್‌ಗೆ ಹಿಂದಿನ ಶಾಕ್: ಸ್ಪ್ರಿಂಗ್ ತೂಗಿ ಕೊಂಡ ಅನುಭವ

ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಹುಡುಕುವವರಿಗೆ ಸಿಗುವ ಸಲಹೆ ಒಂದೇ: ಉದ್ದ ಸರಿಯಿದ್ದರೆ ಹಾಕಿ ಓಡಿಸಿ. ಅದನ್ನು ನಂಬಿ ನಾನು ಐದಾರು ಸಾವಿರ ರೂಪಾಯಿ ಕಳೆದುಕೊಂಡೆ. ಈ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಈಗ ಅಸಲಿ ಎಂದು ಮಾರುವುದೆಲ್ಲ ಅಸಲಿಯಲ್ಲ.

ಮೊದಲ ಜೋಡಿಗೆ ಸುಮಾರು 1,500 ಕೊಟ್ಟೆ. ಹೊಳಪೇನೋ ಕನ್ನಡಿಯಂತಿತ್ತು. ವರ್ಷ ತುಂಬುವ ಮೊದಲೇ ಎಡಗಡೆಯ ಸೀಲಿನಿಂದ ಎಣ್ಣೆ ಜಿನುಗಿತು. ಹಂಪ್ ದಾಟಿದ ಮೇಲೂ ಹಿಂಭಾಗ ತೊಟ್ಟಿಲಿನಂತೆ ತೂಗುತ್ತಿತ್ತು. ಎರಡನೆಯದು ಗ್ಯಾಸ್ ತುಂಬಿದ ಜೋಡಿ, 4,000 ದಾಟಿತು. ಉದ್ದ ಒಂದೇ ಇಂಚು ಹೆಚ್ಚು. ಅಷ್ಟಕ್ಕೇ ಸೆಂಟರ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಬಿಡಲಿಲ್ಲ. ದಪ್ಪ ಸ್ಪ್ರಿಂಗ್ ಚೈನ್ ಕವರಿಗೆ ಉಜ್ಜಿತು. ಅದರ ಬಿಗಿತವನ್ನು ನನ್ನ ಸೊಂಟ ಇಂದಿಗೂ ಮರೆತಿಲ್ಲ.

ನಡುವೆ ಹಳೆಯ ಶಾಕನ್ನೇ ಬಿಚ್ಚಿ ಹೊಸ ಸೀಲ್ ಹಾಕಿ ನೋಡಿದೆ. ಎಣ್ಣೆ ತುಂಬಿದಷ್ಟೂ ಒಳ್ಳೆಯದೆಂದು ಮೂತಿಯವರೆಗೆ ಸುರಿದೆ. ಒಳಗೆ ಗಾಳಿಗೆ ಜಾಗವಿಲ್ಲದೆ ಮೊದಲ ಗುಂಡಿಯಲ್ಲೇ ಸೀಲ್ ಹಾರಿ ಪ್ಯಾಂಟೆಲ್ಲ ಎಣ್ಣೆಯಾಯಿತು.

ಕೊನೆಗೆ ಸ್ಪ್ರಿಂಗ್ ಎಷ್ಟು ಬಿಗಿ ಎಂದು ಅಳೆಯಲು ಮನೆಯ ತೂಕದ ಯಂತ್ರವನ್ನು ಗ್ಯಾರೇಜಿಗೆ ಹೊತ್ತುಕೊಂಡು ಹೋದೆ. ಅದನ್ನು ಡ್ರಿಲ್ಲಿಂಗ್ ಯಂತ್ರದ ಕೆಳಗಿಟ್ಟು, ಮೇಲೊಂದು ಹಲಗೆ, ಹಲಗೆಯ ಮೇಲೆ ಸ್ಪ್ರಿಂಗ್. ಹಿಡಿಕೆ ಎಳೆದು ಸರಿಯಾಗಿ ಎರಡು ಸೆಂ.ಮೀ. ಒತ್ತಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವುದು. ಸ್ಪ್ರಿಂಗ್ ಸಿಡಿಯದಂತೆ ಒಳಗೊಂದು ಪೈಪಿನ ತುಂಡು ಇರಲೇಬೇಕು. ಗ್ಯಾಸ್ ಶಾಕಿನದು ಐವತ್ತು ಕೆ.ಜಿ. ಹತ್ತಿರ ನಿಂತಿತು. ನನ್ನ ಹಳೆಯ ಸ್ಪ್ರಿಂಗ್ ಮೂವತ್ತೆರಡು, ಮೂವತ್ಮೂರು. ಮೆಕಾನಿಕ್ ನಕ್ಕರು: "ಸ್ಪ್ರಿಂಗನ್ನು ತೂಗಿ ಕೊಳ್ಳುತ್ತಾರೆಯೇ ಸಾರ್? ಇದೇನು ಬದನೆಕಾಯಿಯೇ?"

ಆಮೇಲೆ ಎರಡು ಭಾನುವಾರ ಗುಜರಿ ಅಂಗಡಿಗಳಲ್ಲಿ ಟೇಪ್ ಹಿಡಿದು ಕುಳಿತೆ. ಕಣ್ಣಿನಿಂದ ಕಣ್ಣಿಗೆ, ಅಂದರೆ ಶಾಕಿನ ಎರಡು ತುದಿಯ ಬೋಲ್ಟ್ ತೂತುಗಳ ನಡುವೆ, ನನಗೆ ಬೇಕಾಗಿದ್ದದ್ದು 320 ಮಿ.ಮೀ. ಆಸುಪಾಸು. ಡ್ಯಾಂಪರ್ (ಸ್ಪ್ರಿಂಗಿನ ತೂಗಾಟ ತಡೆಯುವ ಎಣ್ಣೆಯ ಕೊಳವೆ) ಒಂದು ಗಾಡಿಯದು, ಸ್ಪ್ರಿಂಗ್ ಇನ್ನೊಂದರದು ಸಿಕ್ಕಿತು. ಯಾವ ಗಾಡಿಗಳೆಂದು ಮಾತ್ರ ಕೇಳಬೇಡಿ. ಹೇಳಿದರೆ ನಾಳೆಯೇ ಗುಜರಿಯವನು ಬೆಲೆ ಏರಿಸುತ್ತಾನೆ. ಎಲ್ಲ ಸೇರಿ 900, ಲೇತ್‌ನಲ್ಲಿ ಬುಷ್ ಮಾಡಿಸಲು ಇನ್ನೊಂದು 300. ನಾನು ಕುಳಿತಾಗ ಶಾಕ್ ಓಡಾಡುವ ದೂರದ ಮೂರನೆಯ ಒಂದು ಪಾಲು ಇಳಿಯಬೇಕಿತ್ತು. ಇಳಿದದ್ದು ಸುಮಾರು 26 ಮಿ.ಮೀ. ಕೂದಲೆಳೆಯಷ್ಟು ಮೇಲೆ ಕೆಳಗೆ, ಅಷ್ಟೆ.

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗಾಡಿ ಹಳಿಯ ಮೇಲಿದ್ದಂತೆ ನಡೆಯಿತು. ಮೆಕಾನಿಕ್ ಒಂದು ಸುತ್ತು ಹೋಗಿ ಬಂದು ಏನೂ ಹೇಳಲಿಲ್ಲ, ಮರುವಾರ ತೂಕದ ಯಂತ್ರವನ್ನು ಸಾಲ ಕೇಳಿದರು. ಈಗ ಅದು ಅವರಲ್ಲೇ ಇದೆ. ಹೆಂಡತಿ ಹಿಂದೆ ಕುಳಿತರೆ ಮಾತ್ರ ದೊಡ್ಡ ಹಂಪಿನಲ್ಲಿ ಈಗಲೂ ತಳ ತಾಕುತ್ತದೆ. ಕಾರಣ ತೂಗಿ ನೋಡೋಣವೆಂದರೆ ಯಂತ್ರ ಮನೆಯಲ್ಲಿಲ್ಲ, ಇದ್ದರೂ ಕೇಳುವ ಧೈರ್ಯ ನನಗಿಲ್ಲ.